ಪ್ರೋಗ್ರಾಂ ದಿನ ಕೂಸಿಗೆ ಭರತನಾಟ್ಯದ ವೇಷ ಕಟ್ಟೋದು ಹೇಗೆ?

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಸಂಜೆ 6ಕ್ಕೆ ಸ್ಟೇಜ್ ಹತ್ತಬೇಕು ಅಂದ್ರೆ ಅಲ್ಲಿ ಮಧ್ಯಾಹ್ನ 3ಕ್ಕೇ ಕೂಸನ್ನ ವೇಷಕ್ಕೆ ಕೂರಿಸ್ಬೇಕು. ಅಷ್ಟು ಹೊತ್ತು ಯಾಕೆ ಅನ್ನಿಸಬಹುದು, ಆದ್ರೆ ಮಗಳಿಗೆ ಆರು ವರ್ಷದಿಂದ ನಾನೇ ಕಟ್ತಾ ಇದ್ದೀನಿ, ಅವಸರದಲ್ಲಿ ಕಟ್ಟಿದ್ದು ಕೊನೆಯ ನೃತ್ಯ ತಿಲ್ಲಾನ ಬರೋದ್ರೊಳಗೆ ಸಡಿಲ ಆಗೇ ಆಗತ್ತೆ. ಶಾಸ್ತ್ರದಲ್ಲಿ ವೇಷಕ್ಕೆ ಆಹಾರ್ಯ ಅಂತಾರೆ, ಆಂಗಿಕ (ಮೈ) ವಾಚಿಕ (ಮಾತು) ಸಾತ್ವಿಕದ (ಭಾವ) ಸಾಲಲ್ಲೇ ಅದೂ ಒಂದು ಅಭಿನಯ.

ಮೊದಲು ಹೊಟ್ಟೆಗೆ ಏನಾದ್ರೂ ಕೊಡಿ, ಸೊಂಟದ ಡಾಬು ಬಿಗಿದ ಮೇಲೆ ತಿನ್ನೋಕಾಗಲ್ಲ. ಆಮೇಲೆ ಕೈಕಾಲಿಗೆ ಕೆಂಪು ಬಣ್ಣದ ಆಲ್ತಾ. ಸಮುದ್ರದ ಕಡೆ ಹವೆಗೆ ಅದು ಬೇಗ ಒಣಗಲ್ಲ, ಒದ್ದೆ ಇದ್ದಾಗ ರೇಷ್ಮೆಗೆ ತಾಗಿದ್ರೆ ಆ ಕೆಂಪು ಹೋಗೋದೇ ಇಲ್ಲ. ಅದು ಒಣಗೋ ಹೊತ್ತಲ್ಲಿ ಮೇಕಪ್ ಮುಗಿಸಿ.

ಈಗ ತಲೆ. ಕಷ್ಟ ಇರೋದೇ ಇಲ್ಲಿ. ಮಧ್ಯೆ ಬೈತಲೆ ತೆಗೆದು ಚೌರಿ ಸೇರಿಸಿ ಜಡೆ ಹಾಕಿ, ಬುಡದಲ್ಲಿ ಕಪ್ಪು ದಾರದಿಂದ ಬಿಗಿಯಾಗಿ ಸುತ್ತಿ. ಬೈತಲೆ ಬೊಟ್ಟು ಇಟ್ಟ ಮೇಲೆ ತಲೆಯ ಒಡವೆಗಳಲ್ಲಿ ಸೂರ್ಯ ಬಲಕ್ಕೆ, ಚಂದ್ರ ಎಡಕ್ಕೆ. ಬಲ ಅಂದ್ರೆ ಕೂಸಿನ ಬಲ, ಎದುರು ನಿಂತು ಕಟ್ಟುವಾಗ ಎಲ್ಲರಿಗೂ ತಪ್ಪೋದು ಅದೇ. ಬರೀ ಕೊಕ್ಕೆ ನಂಬಬೇಡಿ, ಮೊದಲನೇ ವರ್ಷ ಜತಿಸ್ವರ ನೃತ್ಯದ ಮಧ್ಯೆ ಮಗಳ ಚಂದ್ರ ಕಳಚಿ ಕಣ್ಣಿನ ಮೇಲೆ ನೇತಾಡ್ತಾ ಇತ್ತು, ಅವಳು ನಿಲ್ಲಿಸದೇ ಕುಣಿದ್ಲು, ನನಗೆ ಮಾತ್ರ ಕೂತಲ್ಲಿ ಕೂರೋಕಾಗಲಿಲ್ಲ. ಅವತ್ತಿಂದ ಪ್ರತಿಯೊಂದಕ್ಕೂ ದಾರ ಕಟ್ಟಿ ಕೂದಲಿಗೆ ಗಂಟು ಹಾಕಿ ಮೇಲಿಂದ ಎರಡು ಪಿನ್ ಚುಚ್ತೀನಿ. "ಆಯಿ, ಇಲ್ಲಿ ಚುಚ್ತಾ ಇದ್ದು" ಅಂದ್ರೆ ತಕ್ಷಣ ಬಿಚ್ಚಿ ಬೇರೆ ಕಡೆ ಹಾಕಿ, ಅಡ್ಜಸ್ಟ್ ಮಾಡ್ಕೋ ಅನ್ನಬೇಡಿ, ನೋವಿರೋ ಮುಖದಲ್ಲಿ ಶೃಂಗಾರ ಬರಲ್ಲ. ಯಕ್ಷಗಾನದ ಚೌಕಿಲಿ (ಬಣ್ಣದ ಮನೆ) ಮುಂಡಾಸು ಕಟ್ಟೋದನ್ನ ನೋಡಿದೋರಿಗೆ ಈ ತಾಳ್ಮೆ ಏನು ಅಂತ ಗೊತ್ತಿರತ್ತೆ. ಹಿಂದೆ ಜಡೆ ಬುಡಕ್ಕೆ ದುಂಡನೆ ಒಡವೆ ರಾಕೋಡಿ, ಸುತ್ತ ಭಟ್ಕಳ ಮಲ್ಲಿಗೆ, ಜಡೆ ತುದಿಗೆ ಕುಚ್ಚು.

ಕಾಸ್ಟ್ಯೂಮ್ ಈಗೆಲ್ಲ ಹೊಲಿದೇ ಬರೋದ್ರಿಂದ ಸುಲಭ, ಪೈಜಾಮ ಬ್ಲೌಸ್ ಹಾಕಿ ಮುಂದೆ ನೆರಿಗೆಯ ಫ್ಯಾನ್ ಕಟ್ಟಿ ಹುಕ್ ಇದ್ದಲ್ಲೂ ಸೇಫ್ಟಿ ಪಿನ್ ಹಾಕಿ, ಒಮ್ಮೆ ಅರಮಂಡಿ (ಮಂಡಿ ಹೊರಕ್ಕೆ ಬಗ್ಗಿಸಿ ಅರ್ಧ) ಕೂರೋಕೆ ಹೇಳಿ. ಫ್ಯಾನ್ ಪೂರ್ತಿ ಬಿಚ್ಚಿಕೊಂಡ್ರೆ ಸರಿ. ಉಸಿರು ತುಂಬ ಎಳ್ಕೊಳೋಕೆ ಹೇಳಿ ಆವಾಗ ಡಾಬು ಕಟ್ಟಿ. ಸರ, ವಂಕಿ, ಬಳೆ ಆಮೇಲೆ. ಕೆಂಪು ಕಲ್ಲಿನ ಟೆಂಪಲ್ ಜ್ಯುವೆಲರಿಗೆ ತಮಿಳುನಾಡಿನ ನಾಗರಕೋಯಿಲ್‌ನ ವಡಸೇರಿ ಹೆಸರುವಾಸಿ, ಆದ್ರೆ ಮಕ್ಕಳಿಗೆ ಇಮಿಟೇಶನ್ ಸೆಟ್ ಸಾಕು, ಸ್ಟೇಜ್ ಲೈಟಲ್ಲಿ ಅದೂ ಚೆನ್ನಾಗೇ ಹೊಳೆಯತ್ತೆ.

ಕೊನೆಗೆ ಗೆಜ್ಜೆ, ಕಣ್ಣಿಗೊತ್ತಿಕೊಂಡು ಕಟ್ಟಿ. ಕಂಚಿನ ಗೆಜ್ಜೆನ ನೀಲಿ ದಾರದಲ್ಲಿ ಪೋಣಿಸಿ ಕಾಲಿಗೆ 100 ಇಲ್ಲಾ 200 ಕಟ್ಟಬೇಕು ಅಂತ ನಾಟ್ಯದ ಹಳೇ ಗ್ರಂಥ ಅಭಿನಯದರ್ಪಣದಲ್ಲಿದೆ, ಈಗ ಚರ್ಮದ ಪಟ್ಟಿಗೆ ಹೊಲಿದಿರೋದು ಸಿಗತ್ತೆ, ಚಿಕ್ಕವರಿಗೆ ಕಮ್ಮಿ ಸಾಕು. ನನ್ನ ಪ್ರಕಾರ ಗೆಜ್ಜೆ ಒಡವೆ ಅಲ್ಲ, ವಾದ್ಯ. ಗುರುಗಳು ಕೈಲಿ ಬಾರಿಸೋ ನಟುವಾಂಗದ ತಾಳ, ಮೃದಂಗದ ಪೆಟ್ಟು, ಕಾಲಿನ ಗೆಜ್ಜೆ ಮೂರೂ ಒಟ್ಟಿಗೆ ಬೀಳಬೇಕು. ಕಟ್ಟಿದ ಮೇಲೆ ತಟ್ಟಡವು (ಕಾಲು ತಟ್ಟೋ ಮೊದಲ ಪಾಠ) ಮೂರೂ ಕಾಲದಲ್ಲಿ (ವೇಗದಲ್ಲಿ) ಮಾಡಿಸಿ, ನೀವು ಕಣ್ಣು ಮುಚ್ಚಿ ಕೇಳಿ. ಕಾಲು ನೆಲಕ್ಕೆ ಬಿದ್ದ ಮೇಲೂ ಝಲ್ ಅಂತ ಬಾಲ ಕೇಳಿದ್ರೆ ಪಟ್ಟಿ ಸಡಿಲ ಇದೆ ಅಂತ ಅರ್ಥ, ಬಿಚ್ಚಿ ಮತ್ತೆ ಕಟ್ಟಿ. ಲೈವ್ ಹಿಮ್ಮೇಳ ಇಲ್ಲದೆ ಪೆನ್‌ಡ್ರೈವ್ ಹಾಡಾದ್ರೆ ಅಲ್ಲಿನ ಸ್ಪೀಕರಲ್ಲಿ ಒಮ್ಮೆ ಹಾಕಿಸಿ ಕೇಳಿ, ಇನ್ನೊಂದು ಕಾಪಿ ಫೋನಲ್ಲಿರಲಿ.

ಮನೆಗೆ ಬಂದ ರಾತ್ರಿನೇ ಒಡವೆಗಳ ಬೆವರು ಹತ್ತಿ ಬಟ್ಟೆಲಿ ಒರೆಸಿ ಒಂದೊಂದನ್ನೂ ಬೇರೆ ಬೇರೆ ಕವರಿಗೆ ಹಾಕಿ, ಇಲ್ಲಾಂದ್ರೆ ಕಪ್ಪಾಗತ್ತೆ. ಕಾಸ್ಟ್ಯೂಮ್ ಮಡಚಬೇಡಿ, ನೆರಳಲ್ಲಿ ಎರಡು ದಿನ ಹರವಿ.