ಕುಣಿಯುವ ಕಪ್ಪೆ ನೋಡಬೇಕೆ? ನೀರಿಗಿಳಿಯಬೇಡಿ

ಹೋದ ನವೆಂಬರಿನಲ್ಲಿ ನೆಂಟರನ್ನು ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹತ್ತಿರದ ಹಳ್ಳಕ್ಕೆ ಕರೆದೊಯ್ದಿದ್ದೆ. ಐದು ಜನ, ಐವರೂ ಪ್ಯಾಂಟು ಮಡಚಿ ಸೀದಾ ನೀರಿಗಿಳಿದರು. ಅರ್ಧ ಗಂಟೆ ಕಲ್ಲು ಮಗುಚಿ, ‘ಇಲ್ಲಿ ಕಪ್ಪೆ ಗಿಪ್ಪೆ ಏನೂ ಇಲ್ಲ’ ಎಂದು ನೀರುದೋಸೆಗೆ ಹೊರಟರು. ಕಪ್ಪೆಗಳು ಅಲ್ಲೇ ಇದ್ದವು.

ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ 1937ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಈ ಕಪ್ಪೆಯ ವೈಜ್ಞಾನಿಕ ಹೆಸರಿನಲ್ಲೇ ಊರಿದೆ: ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಹೆಬ್ಬೆರಳಿನ ತುದಿಯಷ್ಟು ಗಾತ್ರ, ಒದ್ದೆ ಬಂಡೆಯದೇ ಬಣ್ಣ.

ಮಳೆ ಹಿಂದೆಗೆದ ಮೇಲೆ ಹೋಗಿ. ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯದು. ಇದು ಹಗಲಿನ ಕಪ್ಪೆ, ಟಾರ್ಚ್ ಬೇಡ. ಹಳ್ಳ ತೋಟದೊಳಗಿದ್ದರೆ ತೋಟದವರನ್ನು ಕೇಳಿ, ಕಾಡಿನೊಳಗಿದ್ದರೆ ಅರಣ್ಯ ಇಲಾಖೆಯವರನ್ನು. ಇಂಬಳಕ್ಕೆ ಉದ್ದ ಕಾಲುಚೀಲ ಸಾಕು. ಕೈಗೆ ಸೊಳ್ಳೆ ಕ್ರೀಮು ಬಳಿದುಕೊಂಡು ಹಳ್ಳದಲ್ಲಿ ಅದ್ದುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರಿಗೆ ಸೇರಿದ ರಾಸಾಯನಿಕಗಳನ್ನೂ ಹೀರಿಕೊಳ್ಳುತ್ತದೆ.

ಇನ್ನು ಕೂರುವುದು. ಎಲ್ಲರೂ ಎಡವುವುದು ಇಲ್ಲೇ. ನೀರು ಸಣ್ಣಗೆ ಧುಮುಕುವ ಕಡೆ, ದಡದ ಮೇಲೆ, ಬಂಡೆಗಳಿಂದ ಎರಡು ಮೂರು ಮೀಟರ್ ದೂರ ಕುಳಿತುಕೊಳ್ಳಿ. ಹಳ್ಳವನ್ನೆಲ್ಲ ಹುಡುಕಬೇಡಿ, ನೀರು ಎರಚುವ ಒಂದೇ ಬಂಡೆ ಹಿಡಿದು ನೋಡಿ. ಹತ್ತು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ನೀರಿನ ಸದ್ದಿನ ಮೇಲೆ ಸಣ್ಣ, ತೀಕ್ಷ್ಣ ಕೂಗು ಕೇಳುತ್ತದೆ. ಕೂಗಿದ ಕಡೆ ಬಿಳಿ ಚುಕ್ಕೆಯೊಂದು ಉಬ್ಬಿ ಇಳಿಯುತ್ತದೆ. ಅದು ಗಂಡಿನ ಗಂಟಲು. ಕಣ್ಣು ಅಲ್ಲೇ ಇರಲಿ. ಮೊದಲು ಹಿಂಗಾಲನ್ನು ಇದ್ದಲ್ಲೇ ಎತ್ತಿ ಇಡುತ್ತದೆ, ತಾಳ ಹಾಕಿದಂತೆ. ಬಹಳ ಜನ ಇದನ್ನೇ ಕುಣಿತ ಎಂದುಕೊಂಡು ಎದ್ದುಬಿಡುತ್ತಾರೆ. ತಡೆಯಿರಿ. ಹಿಂಗಾಲನ್ನು ಪೂರ್ತಿ ಹಿಂದಕ್ಕೆ ಚಾಚಿ, ಬೆರಳು ಬಿಡಿಸಿ, ನಡುವಿನ ಬಿಳಿಚು ಪೊರೆಯನ್ನು ಬಾವುಟದಂತೆ ಒಮ್ಮೆ ಬೀಸಿ ಒಳಗೆಳೆದುಕೊಳ್ಳುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಯಿತು. ಹೆಣ್ಣನ್ನು ಒಲಿಸಲು ಎಂದು ಗೈಡುಗಳು ಹೇಳುವುದುಂಟು; ಹೆಚ್ಚಾಗಿ ಇದು ಪಕ್ಕದ ಬಂಡೆಯ ಗಂಡಿಗೆ ‘ಈ ಕಡೆ ಬರಬೇಡ’ ಎಂಬ ಎಚ್ಚರಿಕೆ. ಆದರೂ ಬಂದರೆ ಅದೇ ಕಾಲಿನಿಂದ ಒದೆಯೂ ಬೀಳುತ್ತದೆ. ಹಳ್ಳದ ಗದ್ದಲದಲ್ಲಿ ಕೂಗೊಂದೇ ಸಾಲದು, ಅದಕ್ಕೇ ಕಾಲು.

ಮೊಬೈಲಿನಲ್ಲಿ ಕೂಗು ಹಾಕಿ ಕೆಣಕುವುದು ಸುಲಭದ ದಾರಿ, ಕೆಟ್ಟ ದಾರಿ.

ನೀರಿಗಿಳಿಯಬೇಡಿ ಎಂದದ್ದಕ್ಕೆ ಕಾರಣ ಬೇರೆಯೇ ಇದೆ. ಗಂಡನ್ನು ಬೆನ್ನ ಮೇಲೆ ಹೊತ್ತ ಹೆಣ್ಣು ತೆಳು ನೀರಿನ ತಳದಲ್ಲಿ ಹಿಂಗಾಲಿನಿಂದ ಗುಳಿ ತೋಡಿ ಮೊಟ್ಟೆಯಿಟ್ಟು, ಮೇಲೆ ಮರಳು, ಹರಳು ಎಳೆದು ಮುಚ್ಚುತ್ತದೆ. ಮೇಲಿನಿಂದ ಬರೀ ಮರಳು. ನಮ್ಮ ನೆಂಟರು ನಿಂತದ್ದು ಅಂಥ ಜಾಗದಲ್ಲೇ.

ಮನೆಗೆ ಬಂದು ಶೂ ಉಜ್ಜಿ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಇನ್ನೊಂದು ಹಳ್ಳಕ್ಕೆ ಹೋಗಿ. ಕಪ್ಪೆಗಳನ್ನು ಕೊಲ್ಲುವ ಶಿಲೀಂಧ್ರ ಒದ್ದೆ ಶೂವಿನಲ್ಲೂ ಊರೂರು ಸುತ್ತಬಲ್ಲದು.