ಬಂದರಿಗೆ ಇಳಿಯುವ ಗಟಾರದ ಕೆಸರನ್ನು ಪರೀಕ್ಷೆಗೆ ಸಂಗ್ರಹಿಸುವ ಬಗೆ

ಕಾರವಾರದ ಬೈತಖೋಲದಂಥ ಬಂದರಿಗೆ ಮಳೆನೀರು ಯಾವ ವಿಷವನ್ನು ಹೊತ್ತು ತರುತ್ತದೆ ಎಂದು ತಿಳಿಯಬೇಕಾದರೆ ನೀರಿಗಿಂತ ಮೊದಲು ಕೆಸರನ್ನು ಪರೀಕ್ಷಿಸಬೇಕು. ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿರುತ್ತಿದ್ದ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫೀನೈಲ್ ಎಂಬ ವಿಷ ರಾಸಾಯನಿಕ), ಡೀಸೆಲ್ ಹೊಗೆಯ ಮಸಿಯಲ್ಲಿರುವ ಪಿಎಎಚ್ (ಪಾಲಿಸೈಕ್ಲಿಕ್ ಅರೋಮ್ಯಾಟಿಕ್ ಹೈಡ್ರೋಕಾರ್ಬನ್) ಮೊದಲಾದವು ನೀರಿನಲ್ಲಿ ಬಹಳ ಕಡಿಮೆ ಕರಗುತ್ತವೆ. ನುಣ್ಣನೆಯ ಮಣ್ಣಿನ ಕಣಗಳಿಗೆ ಅಂಟಿಕೊಂಡು ಹರಿದು, ತಡೆಗೋಡೆಯ ಒಳಗೆ ನೀರು ಶಾಂತವಾಗುವಲ್ಲಿ ತಳ ಸೇರುತ್ತವೆ. ಪಿಸಿಬಿ ಅಲ್ಲಿ ದಶಕಗಳ ಕಾಲ ಉಳಿಯಬಲ್ಲದು. ಭಾರತವು 2006ರಲ್ಲಿ ಅನುಮೋದಿಸಿದ, ಬೇಗ ನಾಶವಾಗದ ವಿಷ ರಾಸಾಯನಿಕಗಳನ್ನು ನಿಯಂತ್ರಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಯಲ್ಲಿ ಅದೂ ಸೇರಿದೆ.

ಮೊದಲ ಸಂಗ್ರಹಕ್ಕೆ ಮೇ ತಿಂಗಳ ಕೊನೆಯ ವಾರ ಸೂಕ್ತ. ಬೇಸಿಗೆಯುದ್ದಕ್ಕೂ ರಸ್ತೆಯ ಧೂಳು, ಗ್ಯಾರೇಜಿನ ಎಣ್ಣೆ, ಟೈರಿನ ಪುಡಿ ಗಟಾರದಲ್ಲಿ ಕೂತಿರುತ್ತವೆ. ಮಿರ್ಗದ (ಮೃಗಶಿರಾ ನಕ್ಷತ್ರದ) ಮೊದಲ ಜೋರು ಮಳೆ ಅದನ್ನೆಲ್ಲ ತೊಳೆದುಬಿಟ್ಟ ಮೇಲೆ ಹೋದರೆ ಸಿಗುವುದು ಬರೀ ಮರಳು. ಇಳಿತದ ಹೊತ್ತಿಗೇ ಹೋಗಿ, ಇಲ್ಲದಿದ್ದರೆ ಗಟಾರದ ಬಾಯಲ್ಲಿ ಸಮುದ್ರದ ನೀರು ಹಿಂದಕ್ಕೆ ಒತ್ತಿರುತ್ತದೆ. ಮಳೆಯಿಲ್ಲದ ದಿನವೂ ನೀರು ಹರಿಯುತ್ತಿದ್ದರೆ ಯಾರದೋ ಬಚ್ಚಲ ಅಥವಾ ಕಾರ್ಖಾನೆಯ ಕೊಳವೆ ಸೇರಿರಬಹುದು. ಅದನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ.

ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡ ಕೂಡಲೇ ಎಣ್ಣೆ ಎಂದು ಬರೆಯಬೇಡಿ. ಕಡ್ಡಿಯಿಂದ ಒಮ್ಮೆ ಕಲಕಿ ನೋಡಿ: ಎಣ್ಣೆಯಾದರೆ ಪೊರೆ ಮತ್ತೆ ಕೂಡಿಕೊಳ್ಳುತ್ತದೆ, ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ್ದಾದರೆ ಗಾಜಿನ ಚೂರಿನಂತೆ ಒಡೆದು ಹಾಗೆಯೇ ನಿಲ್ಲುತ್ತದೆ. ನಮ್ಮ ಚಿರೆಕಲ್ಲಿನ ನೆಲದಲ್ಲಿ ಎರಡನೆಯದು ಸಾಮಾನ್ಯ. ಬಳಿಯಲ್ಲೇ ಕೇಸರಿ ಬಣ್ಣದ ಲೋಳೆಯೂ ಕಾಣುತ್ತದೆ.

ಮೇಲಿನ ಎರಡರಿಂದ ಐದು ಸೆಂಟಿಮೀಟರ್ ಕೆಸರನ್ನಷ್ಟೇ ತೆಗೆಯಿರಿ. ಪಿಸಿಬಿ, ಪಿಎಎಚ್ ಪರೀಕ್ಷೆಗೆ ಸ್ಟೀಲ್ ಚಮಚ ಮತ್ತು ಗಾಜಿನ ಬಾಟಲಿ ಬಳಸಿ. ಸತು, ತಾಮ್ರಗಳಿಗೆ ಪ್ಲಾಸ್ಟಿಕ್ ಚಮಚ ಮತ್ತು ಡಬ್ಬಿ. ಅದಲುಬದಲು ಮಾಡಿದರೆ ಪಾತ್ರೆಯ ಅಂಶವೇ ಕೆಸರಿಗೆ ಸೇರಿ ಫಲಿತಾಂಶ ಕೆಡಬಹುದು. ಬಾಟಲಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಯ್ಯಬೇಕು, ಆದರೆ ಮೀನು ಇಟ್ಟಿದ್ದ ಪೆಟ್ಟಿಗೆ ಬೇಡ. ಕೈಗವಸು ಕಡ್ಡಾಯ, ಮಳೆ ಸುರಿಯುವಾಗ ಗಟಾರಕ್ಕೆ ಇಳಿಯಲೇಬಾರದು.

ಪ್ರಯೋಗಾಲಯದಿಂದ ಒಣತೂಕದ ಲೆಕ್ಕದ (ಒಣಗಿಸಿದ ಕೆಸರಿನ ತೂಕಕ್ಕೆ ಎಷ್ಟು ವಿಷ ಎಂಬುದರ) ಜೊತೆಗೆ, 63 ಮೈಕ್ರಾನ್‌ಗಿಂತ ನುಣ್ಣನೆಯ ಕಣಗಳ ಪ್ರಮಾಣವನ್ನೂ ಕೇಳಿ ಪಡೆಯಿರಿ. ವಿಷ ಅಂಟುವುದು ನುಣ್ಣನೆಯ ಕಣಗಳಿಗಾದ್ದರಿಂದ, ಮರಳು ಹೆಚ್ಚಿದ್ದ ಮಾದರಿ ಶುದ್ಧವೆಂದೇ ತೋರುತ್ತದೆ. ಬಾಯಿಯ ಬಳಿ ಅಂಕಿ ಹೆಚ್ಚಿದ್ದರೆ ಗಟಾರದ ಗುಂಟ ಮೇಲಕ್ಕೆ ನಡೆದು, ಕವಲು ಸೇರುವ ಪ್ರತಿ ಜಾಗದಲ್ಲಿ ಎರಡೂ ಕವಲುಗಳಿಂದ ಮತ್ತೆ ಕೆಸರು ತೆಗೆಯಿರಿ. ಯಾವ ಕವಲಿನಲ್ಲಿ ಅಂಕಿ ಇಳಿಯದೆ ಉಳಿಯುತ್ತದೋ ಅದನ್ನೇ ಹಿಡಿದು ಹೋಗಿ.