ಮಳೆಗಾಲದ ಚಿತ್ರಗಳಿಗೊಂದು 16 ಪುಟದ ಮನೆಪತ್ರಿಕೆ

ನಾಲ್ಕು ಎ4 ಹಾಳೆಗಳನ್ನು ನಡುವೆ ಮಡಚಿದರೆ ಎ5 ಅಳತೆಯ 16 ಪುಟ ಸಿಗುತ್ತದೆ. ಪುಟಸಂಖ್ಯೆ ನಾಲ್ಕರ ಮಗ್ಗಿಯಲ್ಲೇ ಇರಬೇಕು. 18 ಎಂದುಕೊಂಡರೆ ಎರಡು ಪುಟ ಖಾಲಿ.

ಚಿತ್ರಗಳನ್ನು ಸಣ್ಣದಾಗಿ ಪ್ರಿಂಟ್ ಹಾಕಿ ನೆಲದ ಮೇಲೆ ಹರಡಿ ಜೋಡಿ ಹುಡುಕಿ: ಎಡಕ್ಕೆ ಕೊಡೆ ಹಿಡಿದ ಅಜ್ಜಿಯ ಮುಖ, ಬಲಕ್ಕೆ ಕೆಸುವಿನೆಲೆಯ ಮೇಲೆ ನಿಂತ ಹನಿ. ಅಜ್ಜಿ ಹನಿಯ ಕಡೆಗೇ ನೋಡುತ್ತಿರಲಿ. ಹೊರಕ್ಕೆ ನೋಡಿದರೆ ಓದುಗರ ಕಣ್ಣೂ ಪುಟ ಬಿಟ್ಟು ಹೋಗುತ್ತದೆ. ಎರಡು ಪುಟಕ್ಕೆ ಹರಡುವ ಚಿತ್ರ 8–9ರಲ್ಲೇ ಇರಲಿ, ಅದೊಂದೇ ಅಖಂಡ ಹಾಳೆ. ಬೇರೆಡೆ ಎರಡು ಹಾಳೆ ಸೇರುವಲ್ಲಿ ಚಿತ್ರ ಜಾರುತ್ತದೆ. ಮಡಿಕೆ ಮೂಗಿನ ಮೇಲಂತೂ ಬೀಳಬಾರದು.

ಪುಟ ತುಂಬುವ ಚಿತ್ರಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 1748×2480 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಬಂದದ್ದು ಬೇಡ, ಮೂಲ ಫೈಲನ್ನೇ ತರಿಸಿ. ಪರದೆಯ ಮೇಲೆ ಬೆಳಗುವ ಮಳೆಗಾಲದ ಹಸಿರು ಕಾಗದಕ್ಕಿಳಿದಾಗ ಕಪ್ಪಾಗುತ್ತದೆ. ಸ್ವಲ್ಪ ಬೆಳಕು ಏರಿಸಿ, ಒಂದೇ ಪುಟ ಪ್ರಿಂಟ್ ತೆಗೆದು ಹಗಲಲ್ಲಿ ನೋಡಿ.

ಒಳಗೆ 120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ ತೂಗುವ) ಮ್ಯಾಟ್, ಅಂದರೆ ಹೊಳಪಿಲ್ಲದ ಕಾಗದ ಸಾಕು. ಪಿಡಿಎಫನ್ನು ‘ಬುಕ್‌ಲೆಟ್’ ಆಯ್ಕೆಯಲ್ಲಿ, ಗಿಡ್ಡ ಅಂಚಿನಲ್ಲಿ ತಿರುಗುವಂತೆ ಮುದ್ರಿಸಿ. ಉದ್ದ ಅಂಚಾದರೆ ಹಿಂಬದಿಯೆಲ್ಲ ತಲೆಕೆಳಗು. ಸಾಮಾನ್ಯ ಸ್ಟೇಪ್ಲರ್ ನಡುಮಡಿಕೆಗೆ ಎಟುಕುವುದಿಲ್ಲ. ದಬ್ಬಳದಿಂದ ಮೂರು ತೂತು ಮಾಡಿ, ದಾರ ಹೊಲಿದು, ಗಂಟನ್ನು ಒಳಗೆ ಹಾಕಿ. ಒಳಹಾಳೆ ತುಸು ಹೊರಚಾಚಿರುತ್ತದೆ. ಅಂಚು ಕತ್ತರಿಸುವುದು ಹೊಲಿದ ಮೇಲೆಯೇ.